ಪುಟ ತೆರೆಯದಿದ್ದರೆ ಕಾವಲನ್ನೇ ತೆಗೆಯಬೇಡಿ

ಕೇಳುಗರಿಗೆ ನಮಸ್ಕಾರ. ಅಂತರ್ಜಾಲದಲ್ಲಿ ನಮ್ಮನ್ನು ಹಿಂಬಾಲಿಸುವವರನ್ನು ತಡೆಯುವ ಬ್ರೌಸರ್ ಸಾಧನಗಳ ಬಗ್ಗೆ ಇಂದು ಎರಡು ಮಾತು.

ಕೋಲಾರದ ಎಪಿಎಂಸಿಗೆ ಟೊಮೆಟೊ ಕಳಿಸುವವರು ಈಗ ಬೆಳಗಾಗುತ್ತಲೇ ದರ ನೋಡುವುದು ಮೊಬೈಲಿನಲ್ಲಿ. ದರದ ಪುಟ ತೆರೆದಾಗ ನಮ್ಮ ಬ್ರೌಸರ್ ಆ ಒಂದು ಜಾಲತಾಣದ ಜೊತೆ ಮಾತ್ರ ವ್ಯವಹರಿಸುತ್ತದೆ ಎಂದುಕೊಳ್ಳುತ್ತೇವೆ. ಹಾಗಾಗುವುದು ಅಪರೂಪ. ಜಾಹೀರಾತು ಒಂದು ಕಡೆಯಿಂದ ಬರುತ್ತದೆ, ಫಾಂಟ್ ಇನ್ನೊಂದು ಕಡೆಯಿಂದ, ಎಷ್ಟು ಜನ ನೋಡಿದರು ಎಂದು ಎಣಿಸುವ ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಮತ್ತೆಲ್ಲಿಂದಲೋ. ಇವೇ ಥರ್ಡ್ ಪಾರ್ಟಿ, ಅಂದರೆ ಹೊರಗಿನವರ ಸಂಪರ್ಕಗಳು. ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ ಆ ಹೊರಗಿನವರಿಗೂ ತಿಳಿಯುತ್ತದೆ, ಕುಕಿ ಎಂಬ ಗುರುತನ್ನೂ ಅವರು ಇಟ್ಟುಹೋಗಬಹುದು. ಬೆಳಗ್ಗೆ ಟೊಮೆಟೊ ದರ, ಮಧ್ಯಾಹ್ನ ಅಮ್ಮನ ಮಂಡಿನೋವಿಗೆ ಔಷಧ, ರಾತ್ರಿ ಸಾಲದ ಬಡ್ಡಿ. ನೀವು ನೋಡಿದ್ದು ಮೂರು ಬೇರೆ ತಾಣ. ಆದರೆ ಮೂರರಲ್ಲೂ ಒಂದೇ ಕಂಪನಿಯ ಸ್ಕ್ರಿಪ್ಟ್ ಇದ್ದರೆ, ಮೂರನ್ನೂ ನೋಡಿದವರು ಒಬ್ಬರೇ ಎಂದು ಅದು ಜೋಡಿಸಿಕೊಳ್ಳಬಲ್ಲದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ದಿನನಿತ್ಯ ಚಲಾಯಿಸಲು ನಮ್ಮ ಕೈಯಲ್ಲೂ ಸಾಧನಗಳಿವೆ. ಯೂಬ್ಲಾಕ್ ಆರಿಜಿನ್, ಪ್ರೈವಸಿ ಬ್ಯಾಡ್ಜರ್, ಎರಡೂ, ಬ್ರೌಸರಿಗೆ ಸೇರಿಸಿಕೊಂಡರೆ ಇಂಥ ಸಂಪರ್ಕಗಳನ್ನು ತಡೆಯುವ, ಉಚಿತ ಎಕ್ಸ್‌ಟೆನ್ಷನ್‌ಗಳು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಹಾಕಿಕೊಳ್ಳುವುದು ಸುಲಭ. ಒಂದು ಪುಟ ಸರಿಯಾಗಿ ತೆರೆಯದೆ ಹೋದಾಗ ಏನು ಮಾಡುತ್ತೇವೆ ಎಂಬುದೇ ಮುಖ್ಯ.

ಬಸ್ ನಿಲ್ದಾಣದ ಸುತ್ತಲಿನ ಸೈಬರ್ ಸೆಂಟರ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನು. ವಿದ್ಯಾರ್ಥಿನಿ ಅರ್ಜಿ ತುಂಬಿ ಕೊನೆಗೆ ಬಂದಿದ್ದಾಳೆ. ‘ನಾನು ರೋಬೋಟ್ ಅಲ್ಲ’ ಎಂಬ ಚೌಕ ಬರಬೇಕಾದ ಜಾಗ ಖಾಲಿ. ಅಂಗಡಿಯ ಹುಡುಗ ‘ಅಕ್ಕಾ, ಆ ಬ್ಲಾಕರ್ ತೆಗೆದುಬಿಡ್ತೀನಿ’ ಎಂದು ಎಕ್ಸ್‌ಟೆನ್ಷನ್ ಅನ್ನೇ ಆಫ್ ಮಾಡುತ್ತಾನೆ. ಅರ್ಜಿ ಹೋಗುತ್ತದೆ. ಆದರೆ ಅದನ್ನು ಮತ್ತೆ ಆನ್ ಮಾಡುವುದು ಯಾರಿಗೂ ನೆನಪಿರುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಅಲ್ಲಿ ನಿಜವಾಗಿ ಆಗಿರುವುದು ಇಷ್ಟೆ. ಹೊರಗಿನ ಸ್ಕ್ರಿಪ್ಟ್‌ಗಳನ್ನೆಲ್ಲ ತಡೆಯುವಂತೆ ಯೂಬ್ಲಾಕ್ ಆರಿಜಿನ್ ಅನ್ನು ಬಿಗಿ ಮಾಡಿಟ್ಟಿದ್ದಾರೆ. ಅದರ ಗುರುತನ್ನು ಒತ್ತಿದರೆ ಆ ಪುಟ ಯಾವ ಯಾವ ವಿಳಾಸಗಳನ್ನು ಸಂಪರ್ಕಿಸಲು ನೋಡಿತು ಎಂಬ ಪಟ್ಟಿ ಕಾಣುತ್ತದೆ. ಗೂಗಲ್ ಡಾಟ್ ಕಾಮ್, ಜಿ-ಸ್ಟಾಟಿಕ್ ಡಾಟ್ ಕಾಮ್, ಗೂಗಲ್-ಅನಲಿಟಿಕ್ಸ್ ಡಾಟ್ ಕಾಮ್, ಡಬಲ್‌ಕ್ಲಿಕ್ ಡಾಟ್ ನೆಟ್. ಹೆಸರುಗಳನ್ನು ಓದಿ ನೋಡಿ. ಗೂಗಲ್‌ನ ಆ ಚೌಕಕ್ಕೆ ಬೇಕಾದದ್ದು ಮೊದಲಿನ ಎರಡೇ. ಮೂರನೆಯದು ಲೆಕ್ಕ ಇಡುವುದು, ನಾಲ್ಕನೆಯದು ಜಾಹೀರಾತಿನದು. ಅವನ್ನು ಬಿಡದಿದ್ದರೂ ಅರ್ಜಿ ಸಲ್ಲಿಕೆಯಾಗುತ್ತದೆ.

ಹೀಗೆ ಬಿಗಿ ಮಾಡಿಟ್ಟಾಗ ಪ್ರತಿ ವಿಳಾಸದ ಮುಂದೆ ಎರಡು ಅಂಕಣ ಇರುತ್ತವೆ. ಮೊದಲನೆಯದು ಎಲ್ಲ ತಾಣಗಳಿಗೆ, ಎರಡನೆಯದು ಈಗ ತೆರೆದಿರುವ ತಾಣಕ್ಕೆ ಮಾತ್ರ. ಎರಡನೆಯದರಲ್ಲೇ ಕೈಯಾಡಿಸಿ. ಹಸಿರು ಒತ್ತಿದರೆ ಪೂರ್ತಿ ಬಿಟ್ಟ ಹಾಗೆ. ಬೂದು ಬಣ್ಣ ಒತ್ತಿದರೆ ನಿಮ್ಮ ಬಿಗಿ ನಿಯಮ ಮಾತ್ರ ಸಡಿಲವಾಗುತ್ತದೆ, ಜಾಹೀರಾತು ತಡೆಯುವ ಮಾಮೂಲಿ ಪಟ್ಟಿ ಕೆಲಸ ಮಾಡುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಬೂದು ಬಣ್ಣವೇ ಸರಿ. ಒಂದೊಂದಾಗಿ ಬಿಟ್ಟು, ಪುಟವನ್ನು ಮತ್ತೆ ಲೋಡ್ ಮಾಡಿ ನೋಡಿ. ಸರಿಹೋದರೆ ಬೀಗದ ಚಿತ್ರ ಒತ್ತಿ ಉಳಿಸಿಕೊಳ್ಳಿ. ಉಳಿಸದಿದ್ದರೆ ಆ ಬದಲಾವಣೆ ತಾತ್ಕಾಲಿಕ. ಬೇರೆಯವರ ಕಂಪ್ಯೂಟರಿನಲ್ಲಿ ಅದೇ ಒಳ್ಳೆಯದು.

ಪ್ರೈವಸಿ ಬ್ಯಾಡ್ಜರ್‌ನಲ್ಲಿ ಇದು ಇನ್ನೂ ಸರಳ. ಕೆಂಪು ತಡೆಯುತ್ತದೆ, ಹಸಿರು ಬಿಡುತ್ತದೆ, ಹಳದಿ ಒಳಗೆ ಬಿಟ್ಟರೂ ಕುಕಿ ಇಡಲು ಬಿಡುವುದಿಲ್ಲ. ಆದರೆ ಅಲ್ಲಿ ಒಂದು ವಿಳಾಸಕ್ಕೆ ಕೊಟ್ಟ ಬಣ್ಣ ಎಲ್ಲ ತಾಣಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಹಸಿರಿಗಿಂತ ಮೊದಲು ಹಳದಿಯಲ್ಲಿ ಪ್ರಯತ್ನಿಸಿ.

ಹಣ ಕಟ್ಟುವ ಪುಟದ ವಿಷಯ ಬೇರೆ. ಕಾರ್ಡಿನ ಒಟಿಪಿ ಕೇಳುವ ಬ್ಯಾಂಕಿನ ಚೌಕಟ್ಟು ಬೇರೆ ವಿಳಾಸದಿಂದ ಬರಬಹುದು. ಅದನ್ನು ತಡೆದರೆ ಮಧ್ಯದಲ್ಲಿ ಪುಟ ಬಿಳಿಯಾಗಿ ನಿಲ್ಲುತ್ತದೆ. ಆಗ ಗಾಬರಿಯಿಂದ ರಿಫ್ರೆಶ್ ಒತ್ತಬೇಡಿ. ಖಾತೆಯಿಂದ ಹಣ ಹೋಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಮುಂದಿನ ಮಾತು. ಶುಲ್ಕ ಕಟ್ಟುವಾಗ ಮಾತ್ರ, ಶುರು ಮಾಡುವ ಮೊದಲೇ ಆ ಒಂದು ತಾಣಕ್ಕೆ ಎಕ್ಸ್‌ಟೆನ್ಷನ್ ಆಫ್ ಮಾಡಿಕೊಂಡರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ರಸೀದಿ ಬಂದ ಕೂಡಲೇ ಆನ್ ಮಾಡಿ.

ಮೊಬೈಲಿನಲ್ಲೇ ಎಲ್ಲ ಮಾಡುವವರಿಗೆ ಒಂದು ಮಾತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ಹುಡುಕುವಾಗ ‘ಆರಿಜಿನ್’ ಎಂಬ ಪದ ಹೆಸರಿನಲ್ಲಿದೆಯೇ ಎಂದು ನೋಡಿಕೊಳ್ಳಿ. ಬರೀ ‘ಯೂಬ್ಲಾಕ್’ ಎಂಬುದು ಬೇರೆಯವರದು.

ನಮಸ್ಕಾರ.