ಸೈಕಲ್ ಇಳಿದ ಮೇಲಿನ ಹಸಿವು

ಕೇಳುಗರೇ, ನಮಸ್ಕಾರ.

ತೂಕ ಇಳಿಸಬೇಕು ಅಂತ ಸೈಕಲ್ ಹತ್ತಿದವರಿಗೆ ಮೊದಲ ಎರಡು ತಿಂಗಳು ಬಹಳ ಖುಷಿಯ ಕಾಲ. ಬಟ್ಟೆ ಸಡಿಲವಾಗುತ್ತದೆ. ಏರು ರಸ್ತೆ ಬಂದರೆ ಇಳಿದು ತಳ್ಳುತ್ತಿದ್ದವರು ಈಗ ಕೂತೇ ಹತ್ತುತ್ತಾರೆ. ಆಮೇಲೆ ಒಂದು ದಿನ ತೂಕದ ಮುಳ್ಳು ನಿಂತುಬಿಡುತ್ತದೆ. ಮುಂದಿನ ವಾರವೂ ಅಲ್ಲೇ. ಅದರ ಮುಂದಿನ ವಾರವೂ ಅಲ್ಲೇ.

ನನಗೂ ಹೀಗೇ ಆಯಿತು. 88 ಕಿಲೊ ಇದ್ದವನು 80ಕ್ಕೆ ಬಂದಿದ್ದೆ. ಅಲ್ಲಿಂದ ಹತ್ತು ವಾರ ಏನೂ ಇಳಿಯಲಿಲ್ಲ. ಆಗ ನನಗೆ ಹೊಳೆದದ್ದು ಒಂದೇ ದಾರಿ, ಇನ್ನೂ ಜಾಸ್ತಿ ತುಳಿಯುವುದು. ವಾರಕ್ಕೆ 100 ಕಿಲೋಮೀಟರ್ ಇದ್ದದ್ದನ್ನು 150 ಮಾಡಿದೆ. ಆದರೂ ಮುಳ್ಳು ಅಲುಗಲಿಲ್ಲ. ಬೆವರು ಸುರಿಸಿಯೂ ಫಲ ಕಾಣದಿದ್ದಾಗ ಮನಸ್ಸು ಎಷ್ಟು ಕುಗ್ಗುತ್ತದೆ ಎಂದು ನನಗೆ ಗೊತ್ತು. ಈಗ ಆ ಜಾಗದಲ್ಲಿ ನಿಂತಿರುವವರಿಗಾಗಿಯೇ ಈ ಮಾತು.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ. ತೂಕ ನಿಜವಾಗಿಯೂ ನಿಂತಿದೆಯಾ? ನಮ್ಮ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಸುಮಾರು 400ರಿಂದ 500 ಗ್ರಾಂ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ದೂರ ಸವಾರಿ ಮಾಡಿದರೆ ಈ ದಾಸ್ತಾನು ಖಾಲಿಯಾಗುತ್ತದೆ, ಚೆನ್ನಾಗಿ ಉಂಡರೆ ಮತ್ತೆ ತುಂಬುತ್ತದೆ. ಅಷ್ಟರಲ್ಲೇ ತೂಕ ಒಂದು ಒಂದೂವರೆ ಕಿಲೊ ಆಚೀಚೆ ಆಗಿರುತ್ತದೆ. ಕಠಿಣ ಸವಾರಿಯ ಮರುದಿನ ನೊಂದ ಸ್ನಾಯುಗಳೂ ನೀರು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಒಂದು ದಿನದ ಅಂಕಿಯನ್ನು ನಂಬಿ ಬೇಸರ ಮಾಡಿಕೊಳ್ಳಬೇಡಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ, ಏಳು ದಿನದ ಸರಾಸರಿ ಬರೆದಿಡಿ. ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ನೋಡಿ. ನಾಲ್ಕು ವಾರ ಸರಾಸರಿಯೂ ಇಳಿಯದೆ, ಸುತ್ತಳತೆಯೂ ಕಡಿಮೆಯಾಗದೆ ಇದ್ದರೆ ಮಾತ್ರ ನಿಂತಿದೆ ಅನ್ನಿ.

ಹಾಗೆ ನಿಂತಿದ್ದರೆ ಯಾಕೆ ನಿಲ್ಲುತ್ತದೆ? ಹಗುರಾದ ದೇಹಕ್ಕೆ ಕಡಿಮೆ ಇಂಧನ ಸಾಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಉತ್ತರ. ಅದು ನಿಜ. ಆದರೆ ಕಥೆಯ ಸಣ್ಣ ಪಾಲು ಅಷ್ಟೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮಧುಮೇಹದ ಒಂದು ಔಷಧಿ ಮೂತ್ರದಲ್ಲಿ ಸಕ್ಕರೆಯನ್ನು ಹೊರಗೆ ಕಳಿಸುತ್ತದೆ. ಅದನ್ನು ತೆಗೆದುಕೊಳ್ಳುತ್ತಿದ್ದವರ ದೇಹದಿಂದ ದಿನಾ ಇಷ್ಟು ಕ್ಯಾಲೊರಿ ಸೋರಿಹೋಗುತ್ತಿತ್ತು, ಆದರೆ ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅವರ ತೂಕ ಇಳಿದ ರೀತಿ ನೋಡಿ, ಅವರು ಎಷ್ಟು ಜಾಸ್ತಿ ತಿನ್ನತೊಡಗಿದರು ಎಂದು ಸಂಶೋಧಕರು ಲೆಕ್ಕ ಹಾಕಿದರು. ಇಳಿದ ಪ್ರತಿ ಕಿಲೊಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ.

ಈ ಅಂಕಿ ಓದಿದ ದಿನ ನನ್ನ ಎದೆಯ ಭಾರ ಇಳಿಯಿತು. ಎಂಟು ಕಿಲೊ ಇಳಿಸಿದವನನ್ನು ದೇಹ ದಿನಾ 800 ಕ್ಯಾಲೊರಿಯಷ್ಟು ಹೆಚ್ಚು ತಿನ್ನು ಅಂತ ಎಳೆಯುತ್ತಿತ್ತು. ನಾನು ಇನ್ನೂ 50 ಕಿಲೋಮೀಟರ್ ಸೇರಿಸಿ ಅದೇ ಹಸಿವಿಗೆ ಇನ್ನಷ್ಟು ಬಲ ಕೊಡುತ್ತಿದ್ದೆ. ನನ್ನಲ್ಲಿ ಛಲ ಇಲ್ಲ ಅಂದುಕೊಂಡಿದ್ದೆ. ಹಾಗಿರಲಿಲ್ಲ.

ಹಾಗಾದರೆ ನೋಡಬೇಕಾದ್ದು ಸೈಕಲ್ ಇಳಿದ ಮೇಲಿನ ಮೊದಲ ಒಂದು ಗಂಟೆಯನ್ನು. ಒಂದು ಸರಳ ಲೆಕ್ಕ ಹೇಳುತ್ತೇನೆ. ಆರಾಮಾಗಿ 100 ವಾಟ್ ಶಕ್ತಿಯಲ್ಲಿ ಒಂದು ಗಂಟೆ ತುಳಿದರೆ ಖರ್ಚಾಗುವುದು ಸುಮಾರು 360 ಕ್ಯಾಲೊರಿ. ದೇಹ ಉರಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಪೆಡಲಿಗೆ ಸೇರುತ್ತದೆ, ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಅದನ್ನೂ ಸೇರಿಸಿಯೇ ಈ 360. ಅರ್ಧ ಲೀಟರ್ ಸಿಹಿ ಪಾನೀಯದಲ್ಲಿ ಸುಮಾರು 200 ಕ್ಯಾಲೊರಿ ಇರುತ್ತದೆ. ಗಂಟೆಯ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಎರಡೇ ನಿಮಿಷದಲ್ಲಿ ವಾಪಸ್ ಬಂತು, ಅಲ್ವಾ?

ಕೈಗಡಿಯಾರ ಹೇಳುವ ಲೆಕ್ಕವನ್ನೂ ನಂಬಿ ತಿನ್ನಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ 27 ಶೇಕಡ ತಪ್ಪಿತು.

ನಾನು ಬದಲಾಯಿಸಿದ್ದು ಇಷ್ಟು. ಸವಾರಿ ಒಂದೂವರೆ ಗಂಟೆ ಮೀರುವುದಾದರೆ ದಾರಿಯಲ್ಲೇ ತಿನ್ನತೊಡಗಿದೆ. ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟ್ ಸಾಕಾಗುತ್ತಿತ್ತು. ತೂಕ ಇಳಿಸುವವನು ದಾರಿಯಲ್ಲಿ ಯಾಕೆ ತಿನ್ನಬೇಕು ಅಂತ ನನಗೂ ಅನಿಸಿತ್ತು. ಆದರೆ ಪೂರ್ತಿ ಬರಿದಾಗಿ ಮನೆಗೆ ಬಂದವನ ಕೈ ಯಾವುದಕ್ಕೆ ಹೋಗುತ್ತದೆ ಅನ್ನುವುದು ಅವನ ಹಿಡಿತದಲ್ಲಿ ಇರುವುದಿಲ್ಲ. ಇನ್ನೊಂದು, ಬಂದ ಮೇಲೆ ಏನು ತಿನ್ನಬೇಕೋ ಅದನ್ನು ಹೊರಡುವ ಮೊದಲೇ ಮಾಡಿ, ತಟ್ಟೆಯ ಅಳತೆಗೆ ಎತ್ತಿಟ್ಟೆ. ಅದರಲ್ಲಿ ಪ್ರೊಟೀನ್ ಜಾಸ್ತಿ. ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೊಟೀನ್ ಸಿಕ್ಕರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಸ್ನಾಯುವೂ ಕರಗದೆ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ದಯವಿಟ್ಟು ನಿಮ್ಮ ವೈದ್ಯರನ್ನು ಕೇಳಿ.

ಸವಾರಿಯ ಉಳಿದ ದಿನ ಹೇಗೆ ಕಳೆಯುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಮೂರು ಗಂಟೆ ತುಳಿದು, ಸಂಜೆಯವರೆಗೆ ಮಲಗಿದಲ್ಲೇ ಇದ್ದರೆ ಗಳಿಸಿದ್ದರಲ್ಲಿ ಒಂದು ಪಾಲು ಹೋಯಿತು. ಭಾನುವಾರದ ಒಂದು ದೊಡ್ಡ ಸವಾರಿಗಿಂತ ವಾರದಲ್ಲಿ ನಾಲ್ಕು ಸಣ್ಣ ಸವಾರಿ ನನಗೆ ಒಳ್ಳೆಯದು ಮಾಡಿತು.

ತುಳಿಯುವ ರೀತಿಯ ಬಗ್ಗೆಯೂ ಒಂದು ಮಾತು. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದ ಹೊತ್ತು, ಗೆಳೆಯನ ಹಿಂದೆ ಗಾಳಿಯ ಮರೆಯಲ್ಲಿ ಸಾಗಿದ ಹೊತ್ತು, ಇವೂ ಗಡಿಯಾರದಲ್ಲಿ ವ್ಯಾಯಾಮ ಅಂತಲೇ ದಾಖಲಾಗುತ್ತವೆ. ಹೊತ್ತು ಕಡಿಮೆ ಇರುವವರಿಗೆ ವೇಗ ನೆರವಾಗುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರಿನಿಂದ 25ಕ್ಕೆ ಹೋದರೆ ಆ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ವಾರಕ್ಕೊಮ್ಮೆ ನಾಲ್ಕು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಸಲ ತುಳಿದು ನೋಡಿ. ಸೈಕಲ್ ಮೇಲೆ ಮೈಭಾರ ಕಾಲಿನ ಮೂಳೆಗಳ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಅದಕ್ಕೇ ಮೂಳೆ ಗಟ್ಟಿಯಾಗಿರಲು ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮವೂ ಬೇಕು.

ನಿದ್ದೆ ಕೆಟ್ಟರೆ ಇದೆಲ್ಲ ಮಾಡಿಯೂ ಪೂರ್ತಿ ಫಲ ಸಿಗುವುದಿಲ್ಲ. 2010ರ ಒಂದು ಸಣ್ಣ ಅಧ್ಯಯನದಲ್ಲಿ ಹತ್ತು ಜನರಿಗೆ ಒಂದೇ ಅಳತೆಯ ಮಿತ ಊಟ ಕೊಟ್ಟು, ಎರಡು ವಾರ ಮಲಗಲು ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಾತ್ರ ಬಿಟ್ಟರು. ತೂಕ ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಆದರೆ ನಿದ್ದೆಗೆಟ್ಟ ದಿನಗಳಲ್ಲಿ ಕರಗಿದ ಕೊಬ್ಬು ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದು ಸ್ನಾಯುವಿನಂಥ ಬೇಕಾದ ಭಾಗದಿಂದಲೇ ಹೋಗಿತ್ತು.

ಇನ್ನು, ತಿಂಗಳುಗಟ್ಟಲೆ ಬಿಗಿ ಹಿಡಿದು ದಣಿದಿದ್ದರೆ ಎರಡು ವಾರ ಬಿಡುವು ತೆಗೆದುಕೊಳ್ಳಿ. ತೂಕ ಏರದಷ್ಟು, ಇಳಿಯದಷ್ಟು ಉಣ್ಣಿ. ಸುಮ್ನೆ ಖುಷಿಗೆ ತುಳಿಯಿರಿ. ನಾನು ಹಾಗೆ ಮಾಡಿದ ಎರಡು ವಾರಗಳಲ್ಲೇ ಕಾಲಿಗೆ ಮತ್ತೆ ಕಸುವು ಬಂದದ್ದು.

ಆಮೇಲೆ ಮೂರು ತಿಂಗಳಲ್ಲಿ 80 ಇದ್ದದ್ದು 77 ಆಯಿತು. ಸೊಂಟ ನಾಲ್ಕು ಸೆಂಟಿಮೀಟರ್ ಕಡಿಮೆಯಾಯಿತು. ವಾರದ ಸವಾರಿ ಮತ್ತೆ 100 ಕಿಲೋಮೀಟರಿಗೇ ಬಂದಿದೆ. ವೈದ್ಯರು ರಕ್ತದೊತ್ತಡ ನೋಡಿ, 77 ನಿಮಗೆ ಒಳ್ಳೆಯ ತೂಕ, ಇಲ್ಲೇ ಇರಿ ಅಂದಿದ್ದಾರೆ. ಈಗ ಮುಳ್ಳು ನಿಂತಿದೆ, ಮತ್ತು ಅದು ನಿಂತಿರಲಿ ಅಂತಲೇ ನಾನು ದಿನಾ ಬೆಳಗ್ಗೆ ನೋಡುತ್ತೇನೆ.

ನಮಸ್ಕಾರ.