ವಾರಕ್ಕೆ ಎಂಟು ಪುಟ: ಕೋಲ್ಸನ್ ವೈಟ್‌ಹೆಡ್ ಕಾದಂಬರಿ ಕಟ್ಟುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕಾದಂಬರಿಗೆ ಕೊಡುವ ಪುಲಿಟ್ಜರ್ ಪ್ರಶಸ್ತಿಯನ್ನು ಎರಡು ಸಲ ಪಡೆದವರು ನಾಲ್ಕೇ ಜನ. ಬೂತ್ ಟಾರ್ಕಿಂಗ್‌ಟನ್, ವಿಲಿಯಂ ಫಾಕ್ನರ್, ಜಾನ್ ಅಪ್‌ಡೈಕ್, ಆಮೇಲೆ ಕೋಲ್ಸನ್ ವೈಟ್‌ಹೆಡ್. ವೈಟ್‌ಹೆಡ್ ಅವರಿಗೆ ಅದು ಸಿಕ್ಕಿದ್ದು 2017ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ. ಅದೂ ಒಂದರ ಬೆನ್ನಿಗೆ ಒಂದು ಬಂದ ಎರಡು ಕಾದಂಬರಿಗಳಿಗೆ.

ಇವತ್ತಿನ ಮಾತು ಅವರ ಬಗ್ಗೆ. ಅರ್ಧ ಬರೆದ ಕಾದಂಬರಿಯನ್ನು ಬೀರುವಿನಲ್ಲಿಟ್ಟು, ಮನಸ್ಸು ಬಂದಾಗ ಮುಂದುವರಿಸೋಣ ಅಂದುಕೊಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಿಮ್ಮ ಜೊತೆಗೇ. ಈ ಲೇಖಕರ ಮೂವತ್ತು ವರ್ಷದ ದುಡಿಮೆಯಿಂದ ಒಂದೇ ಒಂದು ಸಂಗತಿ ಹಿಡಿದುಕೊಳ್ಳಿ ಎಂದರೆ ನಾನು ಹೇಳುವುದು ಇದನ್ನೇ: ವಾರಕ್ಕೆ ಎಂಟು ಪುಟ.

ಈ ಲೆಕ್ಕವನ್ನು ಅವರೇ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ದಿನಕ್ಕೆ ಇಷ್ಟೇ ಎಂಬ ನಿಯಮ ಅವರಿಗಿಲ್ಲ. ಒಂದು ದಿನ ಮೂರು ಪುಟ ಬರಬಹುದು, ಮರುದಿನ ಒಂದೇ ಬರಬಹುದು, ಮಕ್ಕಳ ಕೆಲಸವಿದ್ದ ದಿನ ಒಂದೂ ಬರದೆ ಹೋಗಬಹುದು. ವಾರ ಮುಗಿಯುವಾಗ ಎಂಟು ಪುಟ ಕೂಡಿರಬೇಕು, ಅಷ್ಟೆ. ತಿಂಗಳಿಗೆ ಮೂವತ್ತೆರಡು ಪುಟ ಆಯಿತು. ಹತ್ತು ತಿಂಗಳಿಗೆ ಮುನ್ನೂರ ಇಪ್ಪತ್ತು. ಅಂದರೆ ಒಂದು ವರ್ಷದೊಳಗೆ ಒಂದು ಕಾದಂಬರಿಯ ಕರಡು ಕೈಯಲ್ಲಿರುತ್ತದೆ. ಹನಿ ಹನಿ ಕೂಡಿ ಹಳ್ಳ ಅನ್ನುವುದನ್ನು ನಾವೆಲ್ಲ ಶಾಲೆಯಲ್ಲೇ ಕಲಿತೆವು. ಬರೆಯಲು ಕೂತಾಗ ಮಾತ್ರ ಮರೆತುಬಿಡುತ್ತೇವೆ.

ಕೆಲಸ ಕೆಡುವುದು ಎಲ್ಲಿ? ನಮ್ಮಲ್ಲಿ ಹಲವರು ರಜೆಯಲ್ಲಿ ಕೂತು ಮೂರೇ ದಿನದಲ್ಲಿ ಮೂವತ್ತು ಪುಟ ಬರೆಯುತ್ತಾರೆ. ಆಮೇಲೆ ಒಂದೂವರೆ ತಿಂಗಳು ಅದರ ಕಡೆ ತಿರುಗಿ ನೋಡುವುದಿಲ್ಲ. ಮತ್ತೆ ಕೂತಾಗ ಪಾತ್ರಗಳ ದನಿ ಕಿವಿಯಿಂದ ಹೋಗಿರುತ್ತದೆ. ಆ ದನಿಯನ್ನು ಹುಡುಕುತ್ತಾ ಮೊದಲ ಅಧ್ಯಾಯವನ್ನೇ ತಿದ್ದಲು ಶುರುಮಾಡುತ್ತಾರೆ. ನಾಲ್ಕು ವರ್ಷವಾದರೂ ತಿದ್ದುತ್ತಿರುವುದು ಅದೇ ಮೊದಲ ಅಧ್ಯಾಯ. ವಾರಕ್ಕೆ ಎಂಟು ಪುಟ ಬರೆಯುವವರಿಗೆ ಈ ತೊಂದರೆ ಇರುವುದಿಲ್ಲ. ಕಥೆ ಅವರಿಂದ ಏಳು ದಿನಕ್ಕಿಂತ ದೂರ ಹೋಗುವುದೇ ಇಲ್ಲವಲ್ಲ.

ಈ ಲೆಕ್ಕ ನಡೆಯಬೇಕಾದರೆ ಅದರ ಹಿಂದೆ ಇನ್ನೊಂದು ತಯಾರಿ ಬೇಕು. ಬರೆಯಲು ಕೂರುವ ಮೊದಲೇ ವೈಟ್‌ಹೆಡ್ ಅವರಿಗೆ ಕಥೆಯ ಮೊದಲೂ ಗೊತ್ತಿರುತ್ತದೆ, ಕೊನೆಯೂ ಗೊತ್ತಿರುತ್ತದೆ. ನಡುವಿನ ದಾರಿಯನ್ನು ಟಿಪ್ಪಣಿ ಮಾಡಿಟ್ಟುಕೊಂಡಿರುತ್ತಾರೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದರಿಂದ, ಈ ವಾರದ ಎಂಟು ಪುಟ ಯಾವುದು ಎಂಬ ಯೋಚನೆಯಲ್ಲೇ ವಾರ ಕಳೆದುಹೋಗುವುದಿಲ್ಲ.

ಇನ್ನು ಅವರ ಬದುಕು. ಹುಟ್ಟಿದ್ದು 1969ರಲ್ಲಿ, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಮ್ಯಾನ್‌ಹಟನ್‌ನಲ್ಲಿ. ಬೇಸಿಗೆ ರಜೆ ಕಳೆಯುತ್ತಿದ್ದದ್ದು ಲಾಂಗ್ ಐಲೆಂಡಿನ ಸ್ಯಾಗ್ ಹಾರ್ಬರ್ ಎಂಬ ಕಡಲ ಊರಿನಲ್ಲಿ. ಕಪ್ಪು ಜನರ ಮಧ್ಯಮವರ್ಗದ ಕುಟುಂಬಗಳು ಅಲ್ಲಿ ಮನೆ ಮಾಡಿಕೊಂಡಿದ್ದವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಪದವಿ ಮುಗಿಸಿದರು. ಅಲ್ಲಿ ಕಥೆ ಬರೆಯುವುದನ್ನು ಕಲಿಸುವ ತರಗತಿಗೆ ಅರ್ಜಿ ಹಾಕಿದ್ದರು, ಸೇರಿಸಿಕೊಳ್ಳಲಿಲ್ಲ. ಪದವಿಯಾದ ಮೇಲೆ ‘ವಿಲೇಜ್ ವಾಯ್ಸ್’ ಎಂಬ ನ್ಯೂಯಾರ್ಕ್ ವಾರಪತ್ರಿಕೆಯ ಪುಸ್ತಕ ವಿಭಾಗದಲ್ಲಿ ಸಹಾಯಕರಾಗಿ ಸೇರಿ, ಮುಂದೆ ಅಲ್ಲೇ ಟೀವಿ ವಿಮರ್ಶೆ ಬರೆದರು. ವಾರಪತ್ರಿಕೆಯ ಕೆಲಸ ಅಂದರೆ ಗಡುವಿಗೆ ಬರಹ ಕೊಡಲೇಬೇಕು. ಆ ಎಂಟು ಪುಟದ ಶಿಸ್ತಿಗೆ ಬೇರು ಅಲ್ಲೇ ಇದೆ ಎಂಬುದು ನನ್ನ ಎಣಿಕೆ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗಕ್ಕೆ ಬರುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವರು ಮೊದಲು ಬರೆದ ಕಾದಂಬರಿ ಇವತ್ತಿಗೂ ಅಚ್ಚಾಗಿಲ್ಲ. ಟೀವಿಯ ಬಾಲನಟನೊಬ್ಬನ ಸುತ್ತ ಹೆಣೆದ ಕಥೆ ಅದು. ಏಜೆಂಟ್ ಅದನ್ನು ಪ್ರಕಾಶಕರಿಂದ ಪ್ರಕಾಶಕರಿಗೆ ಕಳಿಸಿದರು, ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಏಜೆಂಟ್ ಕೂಡ ಕೈಬಿಟ್ಟರು. ವೈಟ್‌ಹೆಡ್ ಕೂತು ಯೋಚಿಸಿದರು. ಆ ಹಸ್ತಪ್ರತಿಯಲ್ಲಿ ಚುರುಕು ಮಾತುಗಳಿದ್ದವು, ಓದುಗರನ್ನು ಮುಂದಕ್ಕೆ ಎಳೆದೊಯ್ಯುವ ಕಥೆಯ ಎಳೆ ಇರಲಿಲ್ಲ. ಹಾಗಾಗಿ ಪತ್ತೇದಾರಿ ಕಾದಂಬರಿಗಳನ್ನು ಓದತೊಡಗಿದರು. ಎಳೆ ಹೆಣೆಯುವುದನ್ನು ಅವುಗಳಿಗಿಂತ ಚೆನ್ನಾಗಿ ಕಲಿಸುವವರು ಯಾರು?

ಆ ದಿನಗಳಲ್ಲೇ ಟೀವಿಯಲ್ಲಿ ಎಸ್ಕಲೇಟರಿನ ಅಪಾಯಗಳ ಬಗ್ಗೆ ಒಂದು ಕಾರ್ಯಕ್ರಮ ನೋಡಿದರು. ಅದರಲ್ಲಿ ಎಸ್ಕಲೇಟರ್ ತಪಾಸಣೆ ಮಾಡುವ ಒಬ್ಬ ಅಧಿಕಾರಿ ಬಂದಿದ್ದ. ಎಂಥ ವಿಚಿತ್ರ ಉದ್ಯೋಗ ಅನ್ನಿಸಿತು. ಇಂಥ ಒಬ್ಬರನ್ನು ಪತ್ತೇದಾರಿ ಕಥೆಯೊಳಗೆ ಬಿಟ್ಟರೆ ಹೇಗೆ? ಎಸ್ಕಲೇಟರ್ ಹೋಗಿ ಲಿಫ್ಟ್ ಆಯಿತು. ಹಾಗೆ ಹುಟ್ಟಿದ್ದು 1999ರಲ್ಲಿ ಬಂದ ಮೊದಲ ಪುಸ್ತಕ ‘ದಿ ಇಂಟ್ಯೂಷನಿಸ್ಟ್’.

ಲಿಫ್ಟ್ ಬೀಳದಂತೆ ಹಿಡಿಯುವುದು ಏನು ಎಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಆ ಕಾದಂಬರಿಯ ಸ್ವಾರಸ್ಯ ದಕ್ಕುವುದಿಲ್ಲ. 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೆಸ್ ವಸ್ತುಪ್ರದರ್ಶನದಲ್ಲಿ ಇಲೈಷಾ ಓಟಿಸ್ ಎಂಬಾತ ಜನರೆದುರು ಎತ್ತರದ ಅಟ್ಟಣೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದ. ಅಟ್ಟಣೆ ಬೀಳಲಿಲ್ಲ. ಅದರ ಮೇಲೆ ಗಾಡಿಗೆ ಹಾಕುವಂಥ ಬಿಲ್ಲು ಸ್ಪ್ರಿಂಗ್ ಇತ್ತು. ಹಗ್ಗ ಬಿಗಿಯಾಗಿರುವ ತನಕ ಸ್ಪ್ರಿಂಗ್ ಬಾಗಿಕೊಂಡಿರುತ್ತದೆ. ಹಗ್ಗ ಕಡಿದೊಡನೆ ಅದು ಚಪ್ಪಟೆಯಾಗಿ ಚಾಚಿಕೊಂಡು, ಎರಡೂ ಬದಿಯ ಕಂಬಗಳಲ್ಲಿರುವ ಹಲ್ಲುಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಇಂದಿನ ಲಿಫ್ಟುಗಳಲ್ಲಿ ಒಂದರ ಬದಲು ಹಲವು ಉಕ್ಕಿನ ಹಗ್ಗಗಳಿವೆ. ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಭಾಗ ಅದನ್ನು ಗುರುತಿಸಿ, ಲಿಫ್ಟಿನ ಇಕ್ಕೆಲದ ಹಳಿಗಳನ್ನು ಇಕ್ಕಳದಂಥ ಹಿಡಿಗಳಿಂದ ಕಚ್ಚಿಸುತ್ತದೆ. ಇಷ್ಟೆಲ್ಲ ಇದ್ದ ಮೇಲೆ ಲಿಫ್ಟ್ ನೇರವಾಗಿ ನೆಲಕ್ಕೆ ಬೀಳಬಾರದು.

ಕಾದಂಬರಿಯಲ್ಲಿ ಬೀಳುತ್ತದೆ! ಹೆಸರಿಲ್ಲದ ಒಂದು ಮಹಾನಗರ. ಓದು ಕಲಿತ ಗುಲಾಮ ಹೆಣ್ಣೊಬ್ಬಳ ಹೆಸರಿಟ್ಟಿರುವ ಹೊಸ ಕಟ್ಟಡದಲ್ಲಿ ಹನ್ನೊಂದನೆಯ ನಂಬರಿನ ಲಿಫ್ಟ್ ಕುಸಿಯುತ್ತದೆ. ಅದನ್ನು ತಪಾಸಣೆ ಮಾಡಿದ್ದವಳು ಲೈಲಾ ಮೇ ವಾಟ್ಸನ್, ಆ ಇಲಾಖೆಯ ಮೊದಲ ಕಪ್ಪು ಮಹಿಳಾ ಇನ್‌ಸ್ಪೆಕ್ಟರ್. ಇಲಾಖೆಯಲ್ಲಿ ಎರಡು ಪಂಥ. ಒಂದು ಪಂಥದವರು ಹಗ್ಗ, ಬ್ರೇಕು, ಮೋಟಾರು ಎಲ್ಲವನ್ನೂ ಕಣ್ಣಿಂದ ನೋಡಿ, ಅಳೆದು ಹೇಳುವವರು. ಇನ್ನೊಂದು ಪಂಥದವರು ಲಿಫ್ಟಿನೊಳಗೆ ಕಣ್ಣುಮುಚ್ಚಿ ನಿಂತು ಅದರ ಕಂಪನದಿಂದಲೇ ದೋಷ ಹಿಡಿಯುವವರು. ಲೈಲಾ ಮೇ ಎರಡನೆಯ ಪಂಥದವಳು, ಮತ್ತು ಅವಳ ಲೆಕ್ಕ ತಪ್ಪಿದ್ದೇ ಇಲ್ಲ. ಹಾಗಾದರೆ ಬಿದ್ದದ್ದು ಹೇಗೆ? ಬೀಳಿಸಿದವರು ಯಾರು? ಮುಂದಿನ ಪುಟಗಳೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತವೆ. ಜನರನ್ನು ಮೇಲಕ್ಕೆ ಒಯ್ಯುವ ಒಂದು ಪೆಟ್ಟಿಗೆಯ ನೆಪದಲ್ಲಿ, ಅಮೆರಿಕದಲ್ಲಿ ಯಾರು ಮೇಲೇರಬಹುದು, ಯಾರನ್ನು ಕೆಳಗೇ ನಿಲ್ಲಿಸಲಾಗುತ್ತದೆ ಎಂಬುದನ್ನು ಅವರು ಕೇಳಿದ್ದಾರೆ. ಯಾರಿಗೂ ಬೇಡವಾದ ಹಸ್ತಪ್ರತಿಯಿಂದ ಈ ಪುಸ್ತಕಕ್ಕೆ ಅವರನ್ನು ತಂದದ್ದು ಏನು? ಮತ್ತೆ ಕೂತು ಬರೆದದ್ದು. ಅಷ್ಟೇ, ಬೇರೇನೂ ಇಲ್ಲ.

ಲಿಫ್ಟಿನ ಕಥೆಯಲ್ಲೇ ಸಮಯದ ಬಹುಪಾಲು ಹೋಯಿತು. ಮುಂದಿನದನ್ನು ಬೇಗ ಹೇಳುತ್ತೇನೆ. 2001ರಲ್ಲಿ ‘ಜಾನ್ ಹೆನ್ರಿ ಡೇಸ್’ ಬಂತು, ಪುಲಿಟ್ಜರ್‌ನ ಅಂತಿಮ ಪಟ್ಟಿಯವರೆಗೂ ಹೋಯಿತು. 2002ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್. 2009ರ ‘ಸ್ಯಾಗ್ ಹಾರ್ಬರ್’ 1985ರ ಒಂದು ಬೇಸಿಗೆಯ ಕಥೆ. 2011ರ ‘ಝೋನ್ ಒನ್’ ಸತ್ತವರು ಎದ್ದು ನಡೆಯುವ ಮ್ಯಾನ್‌ಹಟನ್‌ನಲ್ಲಿ ಮೂರೇ ದಿನ ನಡೆಯುತ್ತದೆ. ಒಂದು ಪುಸ್ತಕ ಇನ್ನೊಂದರಂತಿಲ್ಲ. ವಿಷಯ ಬದಲಾಗುತ್ತದೆ, ಶೈಲಿ ಬದಲಾಗುತ್ತದೆ, ಕೆಲಸ ಮಾಡುವ ಕ್ರಮ ಮಾತ್ರ ಬದಲಾಗುವುದಿಲ್ಲ.

‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಲೇಬೇಕು. ಅಮೆರಿಕದ ದಕ್ಷಿಣದಿಂದ ಗುಲಾಮರು ತಪ್ಪಿಸಿಕೊಂಡು ಹೋಗಲು ನೆರವಾಗುತ್ತಿದ್ದ ಗುಟ್ಟಿನ ಮನೆಗಳ, ದಾರಿ ತೋರುವವರ ಜಾಲಕ್ಕೆ ಆ ಹೆಸರಿತ್ತು. ಅಲ್ಲಿ ರೈಲೂ ಇರಲಿಲ್ಲ, ಸುರಂಗವೂ ಇರಲಿಲ್ಲ. ಅದು ನಿಜವಾಗಿಯೂ ನೆಲದಡಿಯ ರೈಲೇ ಆಗಿದ್ದರೆ? ಈ ಯೋಚನೆ ವೈಟ್‌ಹೆಡ್ ಅವರಿಗೆ ಹೊಳೆದದ್ದು 2000ದಲ್ಲಿ. ಪುಸ್ತಕ ಬಂದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಒಂದೊಂದು ಪುಸ್ತಕ ಮುಗಿದಾಗಲೂ ಆ ಟಿಪ್ಪಣಿ ತೆಗೆದು ನೋಡುತ್ತಿದ್ದರು. ಇಷ್ಟು ದೊಡ್ಡದನ್ನು ಹೊರುವ ಶಕ್ತಿ ನನಗಿನ್ನೂ ಬಂದಿಲ್ಲ ಎಂದು ಮತ್ತೆ ಒಳಗಿಡುತ್ತಿದ್ದರು. ಗಮನಿಸಿ, ಕಾಯುತ್ತಿದ್ದದ್ದು ಆ ಒಂದು ಕಥೆ ಮಾತ್ರ. ಅವರು ಆ ವರ್ಷಗಳಲ್ಲೂ ಬೇರೆ ಪುಸ್ತಕಗಳನ್ನು ಬರೆಯುತ್ತಲೇ ಇದ್ದರು, ವಾರಕ್ಕೆ ಎಂಟು ಪುಟ. ಕಾಯುತ್ತಿದ್ದೇನೆ ಎಂದು ಹೇಳಿ ಪೆನ್ನನ್ನೇ ಮುಟ್ಟದವರು ಈ ವ್ಯತ್ಯಾಸ ನೋಡಬೇಕು.

ಅಧ್ಯಯನ ಹೇಗೆ ಮಾಡಿದರು ಎಂಬುದೂ ಕಲಿಯುವಂಥದ್ದು. 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ಬರಹಗಾರರನ್ನು ನೇಮಿಸಿ, ಬದುಕಿ ಉಳಿದಿದ್ದ ಮಾಜಿ ಗುಲಾಮರ ಮಾತುಗಳನ್ನು ಬರೆಸಿಟ್ಟಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರ ಮಾತುಗಳವು. ಅವುಗಳನ್ನು ಓದಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಹ್ಯಾರಿಯೆಟ್ ಜೇಕಬ್ಸ್ ಎಂಬಾಕೆಯ 1861ರ ಆತ್ಮಕಥೆಯನ್ನು ಓದಿದರು. ನಾರ್ತ್ ಕ್ಯಾರೊಲೈನಾದಲ್ಲಿ ಆಕೆ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಜಾಗದಲ್ಲೂ ಮೂರೇ ಅಡಿ ಇದ್ದ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದರು. ಜಾರ್ಜಿಯಾದ ತೋಟದಿಂದ ಓಡಿಹೋಗುವ ಗುಲಾಮ ಹುಡುಗಿ, ಕಾದಂಬರಿಯ ನಾಯಕಿ ಕೋರಾ ಕೂಡ ಅದೇ ರಾಜ್ಯದಲ್ಲಿ ಅಟ್ಟದ ಮೇಲೆ ಅಡಗುತ್ತಾಳೆ. ಓಡಿಹೋದ ಗುಲಾಮರನ್ನು ಹಿಡಿದುಕೊಡಿ ಎಂದು ಒಡೆಯರು ಪತ್ರಿಕೆಗೆ ಕೊಟ್ಟ ನಿಜವಾದ ಜಾಹೀರಾತುಗಳನ್ನೂ ಪುಸ್ತಕದಲ್ಲಿ ಬಳಸಿದರು. ರೈಲಿನಂಥ ಕಲ್ಪನೆಯನ್ನು ದಿನಸಿ ಅಂಗಡಿಯ ಸುದ್ದಿ ಹೇಳುವಷ್ಟು ಸಹಜ ದನಿಯಲ್ಲಿ ಹೇಳಬೇಕಿತ್ತು. ಅದಕ್ಕಾಗಿ ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕ್ವೆಸ್ ಅವರನ್ನು ಮತ್ತೆ ಓದಿಕೊಂಡರು. ಇಲ್ಲೊಂದು ಎಚ್ಚರಿಕೆ. ಓದಿದ್ದನ್ನೆಲ್ಲ ತುರುಕಿದರೆ ಕಾದಂಬರಿ ಪ್ರಬಂಧವಾಗುತ್ತದೆ. ವೈಟ್‌ಹೆಡ್ ಜಾರ್ಜಿಯಾದ ತೋಟದ ಭಾಗವನ್ನು ವಾಸ್ತವಕ್ಕೆ ಬಹಳ ಹತ್ತಿರ ಇಟ್ಟರು. ಅಲ್ಲಿಂದ ಮುಂದೆ ಒಂದೊಂದು ರಾಜ್ಯವನ್ನೂ ಅಮೆರಿಕದ ಒಂದೊಂದು ಮುಖವಾಗಿ ಸ್ವತಂತ್ರವಾಗಿ ಕಟ್ಟಿಕೊಂಡರು. ಆ ಪುಸ್ತಕಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಮೊದಲ ಪುಲಿಟ್ಜರ್ ಬಂತು.

ಎರಡನೆಯದು 2019ರ ‘ದಿ ನಿಕಲ್ ಬಾಯ್ಸ್’ಗೆ. ಫ್ಲಾರಿಡಾದ ಮರಿಯಾನ ಎಂಬ ಊರಿನಲ್ಲಿ ಹುಡುಗರನ್ನು ತಿದ್ದುವ ಹೆಸರಿನ ಸರ್ಕಾರಿ ಶಾಲೆಯೊಂದು 1900ರಿಂದ 2011ರವರೆಗೆ ನಡೆಯಿತು. ಡೋಜಿಯರ್ ಶಾಲೆ ಎಂದು ಕರೆಯುತ್ತಾರೆ. ಅಲ್ಲಿನ ಸಮಾಧಿ ಜಾಗದಲ್ಲಿ 31 ಶಿಲುಬೆಗಳಿದ್ದವು. ವಿಶ್ವವಿದ್ಯಾಲಯದ ಪುರಾತತ್ವ ತಂಡ ಅಗೆದಾಗ 55 ಸಮಾಧಿಗಳು ಸಿಕ್ಕವು. 2014ರಲ್ಲಿ ಪತ್ರಿಕಾ ವರದಿಗಳಿಂದ ವೈಟ್‌ಹೆಡ್ ಅವರಿಗೆ ಇದು ತಿಳಿಯಿತು. ಮನಸ್ಸಿನಲ್ಲಿ ಇನ್ನೊಂದು ಕಾದಂಬರಿ ಸಿದ್ಧವಾಗಿದ್ದರೂ ಅದನ್ನು ಬದಿಗಿಟ್ಟು ಇದನ್ನು ಮೊದಲು ಬರೆದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ಗ್ರಾಮಫೋನ್ ತಟ್ಟೆಯನ್ನು ಮತ್ತೆ ಮತ್ತೆ ಕೇಳಿ ಬೆಳೆದ ಎಲ್‌ವುಡ್, ಯಾರನ್ನೂ ನಂಬದ ಟರ್ನರ್: ಇಬ್ಬರು ಹುಡುಗರ ನಡುವೆ ಇಡೀ ಕಥೆ ನಿಂತಿದೆ. ಕೊನೆ ಗೊತ್ತಿಟ್ಟುಕೊಂಡು ಬರೆಯುವುದು ಎಂದೆನಲ್ಲ, ಅದನ್ನು ಇಲ್ಲಿ ನೋಡಬೇಕು. ಕಡೆಯ ಪುಟಗಳಲ್ಲಿ ತಿಳಿಯುವ ಒಂದು ಸಂಗತಿ ಹಿಂದಿನ ಪುಟಗಳನ್ನೆಲ್ಲ ಮತ್ತೊಮ್ಮೆ ಓದಿಸುತ್ತದೆ. ಅದೇನೆಂದು ನಾನು ಹೇಳುವುದಿಲ್ಲ.

ಬದಿಗಿಟ್ಟಿದ್ದ ಆ ಕಾದಂಬರಿ 2021ರಲ್ಲಿ ‘ಹಾರ್ಲೆಮ್ ಷಫಲ್’ ಆಗಿ ಬಂತು. ನ್ಯೂಯಾರ್ಕ್‌ನ 125ನೆಯ ಬೀದಿಯಲ್ಲಿ ಪೀಠೋಪಕರಣ ಮಾರುತ್ತಾ, ಒಳಗೊಳಗೇ ಕದ್ದ ಮಾಲು ದಾಟಿಸುವ ರೇ ಕಾರ್ನಿಯ ಕಥೆ. 2023ರಲ್ಲಿ ಅದರ ಮುಂದಿನ ಭಾಗ ‘ಕ್ರೂಕ್ ಮ್ಯಾನಿಫೆಸ್ಟೊ’ ಬಂತು.

ಅವರನ್ನು ಇನ್ನೂ ಓದದವರು ‘ದಿ ನಿಕಲ್ ಬಾಯ್ಸ್’ನಿಂದ ಶುರುಮಾಡಿ, ಚಿಕ್ಕ ಪುಸ್ತಕ, ಸರಳ ಇಂಗ್ಲಿಷ್. ಆಮೇಲೆ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’. ಲಿಫ್ಟಿನ ಕಾದಂಬರಿಯನ್ನು ಮೂರನೆಯದಾಗಿ ಓದಿ. ಮೊದಲೇ ಹಿಡಿದರೆ ಅದರ ವಾಕ್ಯಗಳು ಸ್ವಲ್ಪ ಕಷ್ಟ ಕೊಡುತ್ತವೆ. ಬೀರುವಿನಲ್ಲಿ ಹಸ್ತಪ್ರತಿ ಇರುವವರು ಇವತ್ತು ರಾತ್ರಿಯೇ ಅದನ್ನು ಹೊರತೆಗೆದು, ನಿಮ್ಮ ಕಥೆಯ ಕೊನೆಯ ದೃಶ್ಯ ಏನೆಂದು ಒಂದು ಹಾಳೆಯಲ್ಲಿ ಬರೆದಿಡಿ. ಎಂಟು ಪುಟಗಳ ಎಣಿಕೆ ನಾಳೆಯಿಂದ. ನಮಸ್ಕಾರ.