ಫ್ಯಾನ್ ನಿಂತಾಗ

ಎಲ್ಲರಿಗೂ ನಮಸ್ಕಾರ.

ಬಾಹ್ಯಾಕಾಶ ನಿಲ್ದಾಣದಲ್ಲಿ ಏನೋ ಅಪಾಯ ಆಗಿದೆ, ಅದರ ಮೇಲೆ ಒಂದು ಆಡಿಯೋ ನಾಟಕ ಬರೆಯಿರಿ ಅಂದರೆ, ಹೊಸದಾಗಿ ಬರೆಯುವವರು ಮೊದಲ ಸಾಲಿನಲ್ಲೇ ಒಂದು ಸ್ಫೋಟ ಇಡುತ್ತಾರೆ. ಆಮೇಲೆ ಸೈರನ್. ಆಮೇಲೆ ಯಾರೋ "ಅಯ್ಯೋ, ಗಾಳಿ ಸೋರ್ತಿದೆ!" ಅಂತ ಕೂಗುತ್ತಾರೆ. ನನ್ನ ಮೊದಲ ನಾಟಕವೂ ಹೀಗೇ ಶುರುವಾಗಿತ್ತು. ಆಮೇಲೆ ಅಂಥ ನಿಲ್ದಾಣಗಳಲ್ಲಿ ಇದ್ದು ಬಂದವರು ಹೇಳಿದ್ದನ್ನು ಓದುತ್ತಾ ಹೋದೆ. ಅಪಾಯ ಎಷ್ಟು ದೊಡ್ಡದು ಅಂತ ಅವರಿಗೆ ಎಷ್ಟೋ ಸಲ ಗೊತ್ತಾಗಿದ್ದು ಕಿವಿಯಿಂದ. ಈ ಕತೆಗೆ ಸಿನಿಮಾಗಿಂತ ರೇಡಿಯೋ ಹತ್ತಿರ ಅಂತ ನಾನು ನಂಬೋದು ಅದಕ್ಕೇ.

ಮೊದಲು ಫ್ಯಾನ್ ವಿಷಯ. ನಿಲ್ದಾಣದ ಒಳಗೆ ಹಗಲು ರಾತ್ರಿ ಫ್ಯಾನ್ ಓಡುತ್ತಲೇ ಇರುತ್ತೆ. ಯಾಕೆ ಗೊತ್ತಾ? ನಾವು ಬಿಟ್ಟ ಉಸಿರು ಬೆಚ್ಚಗಿರುತ್ತೆ, ಇಲ್ಲಿ ಭೂಮಿ ಮೇಲೆ ಅದು ತಾನಾಗಿಯೇ ಮೇಲೆ ಹೋಗುತ್ತೆ. ತೂಕವೇ ಇಲ್ಲದ ಕಡೆ ಬಿಸಿಗಾಳಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಬಿಟ್ಟ ಉಸಿರು ಮುಖದ ಸುತ್ತಲೇ ನಿಂತುಬಿಡುತ್ತೆ. ಗಾಳಿ ಆಡದ ಮೂಲೆಯಲ್ಲಿ ಮಲಗಿದರೆ ತಲೆನೋವು ಬರುತ್ತೆ. ಹಾಗಾಗಿ ಅಲ್ಲಿ ಫ್ಯಾನ್ ಸದ್ದು ಅಂದರೆ ಉಸಿರಾಟದ ಸದ್ದೇ.

ನಮ್ಮ ಮನೆಗಳಲ್ಲೂ ನೋಡಿ. ಬೇಸಿಗೆಯ ಮಧ್ಯರಾತ್ರಿ ಕರೆಂಟ್ ಹೋಗುತ್ತೆ. ಸೆಕೆ ಶುರುವಾಗೋಕೆ ಮೊದಲೇ ಎಚ್ಚರ ಆಗಿಬಿಡುತ್ತೆ, ಅಲ್ವಾ? ಸದ್ದು ನಿಂತದ್ದೇ ನಮ್ಮನ್ನು ಎಬ್ಬಿಸಿದ್ದು.

ಈಗ ಮೀರ್‌ಗೆ ಬರೋಣ. ರಷ್ಯಾದ ಮೀರ್ ನಿಲ್ದಾಣದ ಮೊದಲ ಭಾಗ ಕಕ್ಷೆಗೆ ಹೋಗಿದ್ದು 1986ರಲ್ಲಿ. 2001ರಲ್ಲಿ ಅದನ್ನು ಸಮುದ್ರಕ್ಕೆ ಬೀಳಿಸಿದರು. ಅದು ಅನುಭವಿಸಿದ ಅತ್ಯಂತ ಕೆಟ್ಟ ವರ್ಷ 1997.

ಆ ಫೆಬ್ರವರಿಯಲ್ಲಿ ಅಲ್ಲಿ ಆರು ಜನ ಇದ್ದರು. ಅಷ್ಟು ಜನಕ್ಕೆ ಆಮ್ಲಜನಕ ಸಾಲದು ಅಂತ, ಒಳಗೆ ನಿಧಾನವಾಗಿ ಉರಿದು ಆಮ್ಲಜನಕ ಕೊಡುವ ಒಂದು ಡಬ್ಬಿಯನ್ನು ಹೊತ್ತಿಸುತ್ತಿದ್ದರು. ಒಂದು ಡಬ್ಬಿಯಿಂದ ಬೆಂಕಿ ಹೊರಗೆ ನುಗ್ಗಿತು. ಅದು ತನಗೆ ಬೇಕಾದ ಆಮ್ಲಜನಕವನ್ನು ತಾನೇ ಮಾಡಿಕೊಳ್ಳುವ ಬೆಂಕಿ, ಸುಲಭವಾಗಿ ಆರೋದಿಲ್ಲ. ಭೂಮಿಗೆ ಮರಳಲು ಇದ್ದ ಎರಡು ಸೋಯುಜ್ ನೌಕೆಗಳಲ್ಲಿ ಒಂದರ ದಾರಿಗೆ ಅದೇ ಅಡ್ಡ ಬಂತು. ಕಮಾಂಡರ್ ವಲೇರಿ ಕೊರ್ಜುನ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದರು. ಆದರೆ ಅದು ಚಿಮ್ಮಿದ ರಭಸಕ್ಕೆ ಹಿಡಿದವರೇ ಹಿಂದಕ್ಕೆ ತೇಲಿಹೋಗುತ್ತಾರೆ. ಅಮೆರಿಕದ ಜೆರ್ರಿ ಲಿನೆಂಜರ್ ಹಿಂದಿನಿಂದ ಅವರ ಕಾಲು ಹಿಡಿದುಕೊಂಡರು. ಹೊಗೆಯಲ್ಲಿ ತಮ್ಮ ಕೈಯೇ ತಮಗೆ ಕಾಣದ ಸ್ಥಿತಿ.

ಇದನ್ನು ಸಿನಿಮಾ ಮಾಡುವವರು ಏನು ತೋರಿಸುತ್ತಾರೆ, ಹೇಳಿ? ಪರದೆ ತುಂಬಾ ಕಪ್ಪು. ನಮಗೆ ಆ ಕಷ್ಟ ಇಲ್ಲ. ಉರಿಯುವ ಲೋಹ ಸಿಡಿಯುವ ಚಟಪಟ, ಸಿಲಿಂಡರಿನ ಬುಸ್ಸೆನ್ನುವ ಸದ್ದು, ಮುಖವಾಡದೊಳಗಿನಿಂದ ಬರುವ ಮಂಕು ಮಾತು. ಕೇಳುಗನೂ ಅವರ ಹಾಗೇ ಕತ್ತಲಲ್ಲಿ ನಿಂತಿರುತ್ತಾನೆ.

ಆದರೆ ನನ್ನನ್ನು ಬಿಡದೆ ಕಾಡಿದ್ದು ಜೂನ್ 25ರ ಘಟನೆ. ಸಾಮಾನು ಸಾಗಿಸುವ ಪ್ರೊಗ್ರೆಸ್ ನೌಕೆಯನ್ನು ಆಗಿನ ಕಮಾಂಡರ್ ವಸಿಲಿ ಸಿಬ್ಲಿಯೆವ್ ಟಿವಿ ಪರದೆ ನೋಡಿಕೊಂಡು ಕೈಯಿಂದಲೇ ನಡೆಸಿ ನಿಲ್ದಾಣಕ್ಕೆ ಜೋಡಿಸಲು ನೋಡುತ್ತಿದ್ದರು. ಅದು ನಿಲ್ಲಲಿಲ್ಲ. ಸ್ಪೆಕ್ಟ್ರ್ ಅನ್ನುವ ಕೋಣೆಗೆ ಬಂದು ಬಡಿಯಿತು. ಒಂದು ಗುದ್ದು. ಆಮೇಲೆ ಒಳಗಿದ್ದ ಅಮೆರಿಕದ ಮೈಕೆಲ್ ಫೋಲ್ ಅವರ ಕಿವಿ ಕಟ್ಟಿತು. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ನಮಗೆ ಕಟ್ಟುತ್ತಲ್ಲ, ಹಾಗೆ. ಎರಡಕ್ಕೂ ಕಾರಣ ಒಂದೇ, ಕಿವಿಯ ಹೊರಗಿನ ಗಾಳಿಯ ಒತ್ತಡ ಇಳಿಯುತ್ತಿದೆ. ಕಿವಿ ಕಟ್ಟಿದರೂ ತಾನಿನ್ನೂ ಬದುಕಿದ್ದೇನೆ, ಅಂದರೆ ತೂತು ಸಣ್ಣದು, ಸ್ವಲ್ಪ ಸಮಯ ಇದೆ ಅಂತ ಅವರಿಗೆ ತಿಳಿಯಿತು. ಮೀಟರ್ ನೋಡುವ ಮೊದಲೇ ದೇಹ ಲೆಕ್ಕ ಹಾಕಿತ್ತು.

ಸ್ಪೆಕ್ಟ್ರ್ ಬಾಗಿಲು ಮುಚ್ಚಬೇಕು. ಆದರೆ ಬಾಗಿಲ ನಡುವೆ ಕೇಬಲ್‌ಗಳು ಹಾದುಹೋಗಿವೆ. ಅವರ ಜೊತೆಗಾರ ಅಲೆಕ್ಸಾಂಡರ್ ಲಜುತ್ಕಿನ್ ಅವನ್ನು ಕಿತ್ತರು, ಕೀಳಲು ಬಾರದ್ದನ್ನು ಕತ್ತರಿಸಿದರು. ಕೊನೆಗೆ ಒಂದು ಮುಚ್ಚಳ ತಂದು ಮುಚ್ಚಿದರು. ಫೋಲ್ ಅವರ ಬಟ್ಟೆಬರೆ, ಮಲಗುವ ಜಾಗ ಎಲ್ಲಾ ಆ ಕೋಣೆಯಲ್ಲೇ ಉಳಿಯಿತು.

ಗಾಳಿ ಉಳಿಯಿತು, ಕರೆಂಟ್ ಹೋಯಿತು. ಸ್ಪೆಕ್ಟ್ರ್‌ನ ಸೌರಫಲಕಗಳಿಂದ ಬರುತ್ತಿದ್ದ ವಿದ್ಯುತ್ ನಿಂತಿತು, ನಿಲ್ದಾಣ ಹತೋಟಿ ತಪ್ಪಿ ತಿರುಗತೊಡಗಿತು, ಬ್ಯಾಟರಿಗಳು ಖಾಲಿಯಾದವು. ದೀಪ ಆರಿತು. ಫ್ಯಾನ್‌ಗಳೂ ನಿಂತವು. ಹನ್ನೊಂದು ವರ್ಷದಿಂದ ಗುಂಯ್‌ಗುಡುತ್ತಿದ್ದ ಮನೆಯಲ್ಲಿ ಆ ಮೌನ ಹೇಗಿತ್ತು ಅಂತ ಸುಮ್ನೆ ಯೋಚಿಸಿ. ಫೋಲ್ ಕಿಟಕಿಯ ಹತ್ತಿರ ಹೆಬ್ಬೆರಳು ಚಾಚಿ, ನಕ್ಷತ್ರಗಳು ಎಷ್ಟು ಬೇಗ ಸರಿಯುತ್ತಿವೆ ಅಂತ ಅಳೆದರು. ಆ ಲೆಕ್ಕದ ಮೇಲೆ ಎಂಜಿನ್ ಉರಿಸಿ ತಿರುಗಾಟ ನಿಲ್ಲಿಸಲು ಕೆಲಸ ಮಾಡಿದರು.

ನಾಟಕ ಬರೆಯುವಾಗ ನಾನು ಫ್ಯಾನ್ ಸದ್ದನ್ನು ಮೊದಲ ಸೆಕೆಂಡಿನಿಂದಲೇ ಹಾಕುತ್ತೇನೆ. ಯಾರೂ ಅದರ ಹೆಸರು ಎತ್ತುವುದಿಲ್ಲ. ಹತ್ತು ನಿಮಿಷದಲ್ಲಿ ಕೇಳುಗನ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತೆ. ಆಮೇಲೆ ನಿಲ್ಲಿಸುತ್ತೇನೆ. ಆ ಜಾಗದಲ್ಲಿ ದಯವಿಟ್ಟು ಸಂಗೀತ ತುಂಬಬೇಡಿ. ನಿರ್ದೇಶಕರು ಕೇಳುತ್ತಾರೆ, ರೇಡಿಯೋ ಕೆಟ್ಟಿದೆ ಅಂತ ಜನ ಅಂದುಕೊಂಡರೆ ಅಂತ. ನಾಲ್ಕು ಸೆಕೆಂಡ್ ಅಂದುಕೊಳ್ಳಲಿ. ಆಮೇಲೆ ಒಬ್ಬರ ಉಸಿರು ಕೇಳಿಸಲಿ, ಬರೀ ಉಸಿರು.

ನನಗೆ ಇನ್ನೂ ಬರೆಯಲು ಬಾರದ ಒಂದು ದೃಶ್ಯ ಇದೆ. 2013ರ ಜುಲೈ 16. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸದಲ್ಲಿದ್ದ ಇಟಲಿಯ ಲೂಕಾ ಪರ್ಮಿಟಾನೊ ಅವರ ಹೆಲ್ಮೆಟ್ ಒಳಗೆ ನೀರು ಸೋರಿತು. ತೂಕವಿಲ್ಲದ ನೀರು ಕೆಳಗೆ ಇಳಿಯದೆ ಮುಖಕ್ಕೇ ಅಂಟಿಕೊಂಡಿತು. ಕಣ್ಣು ತುಂಬಿತು, ಮೂಗು ಮುಚ್ಚಿತು, ಕಿವಿಗೂ ಹೋಯಿತು. ರೇಡಿಯೋ ಮಾತು ಸರಿಯಾಗಿ ಕೇಳುತ್ತಿಲ್ಲ. ತನ್ನನ್ನು ನಿಲ್ದಾಣಕ್ಕೆ ಕಟ್ಟಿದ್ದ ಹಗ್ಗದ ಎಳೆತವನ್ನೇ ನಂಬಿ ಅವರು ಬಾಗಿಲ ತನಕ ಬಂದರು. ಒಳಗೆ ಗಾಳಿ ತುಂಬುವವರೆಗೂ ಹೆಲ್ಮೆಟ್ ತೆಗೆಯುವ ಹಾಗಿಲ್ಲ. ಜೊತೆಗಿದ್ದ ಕ್ರಿಸ್ ಕ್ಯಾಸಿಡಿ, ಸರಿ ಇದ್ದರೆ ನನ್ನ ಕೈ ಅದುಮು ಅಂದರು. ಅವರು ಅದುಮಿದರು.

ಕೇಳುಗನಿಗೆ ಕಿವಿ ಮಾತ್ರ ಇರುವ ನಾಟಕದಲ್ಲಿ, ಕಿವಿ ಮುಚ್ಚಿಹೋದವನ ಕತೆ. ನೀರೊಳಗಿನ ಮಂಕು ಸದ್ದು ಮಾಡಬಹುದು, ಬಕೆಟ್ ನೀರಲ್ಲಿ ಮೈಕ್ ಇಟ್ಟು ಮಾಡಿ ನೋಡಿದ್ದೇನೆ. ಎದೆಬಡಿತ ಸೇರಿಸಬಹುದು. ಆದರೆ ದಪ್ಪ ಕೈಗವಸಿನೊಳಗಿನ ಒಂದು ಕೈ ಇನ್ನೊಂದನ್ನು ಅದುಮಿದ್ದು ಹೇಗೆ ಕೇಳಿಸುತ್ತೆ? ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ, ಚಹಾ ಹೊತ್ತಿಗೆ ನನ್ನ ಹತ್ತಿರ ಬಂದು ಹೇಳಿ.